ಫೋಟೋಗೆ ಅಂಟಿಸಿದ ಬಾಲ

ಕ್ಯೂಬಾದ ಹಿಬಾರಾ ಊರಿನ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದ ಎವೇಲಿಯೋ ಪುಪೋನ ಬಾಯಲ್ಲಿ 'ಇಲ್ಲ' ಎಂಬ ಮಾತು ಹೊರಡುತ್ತಲೇ ಇರಲಿಲ್ಲ. ಪಾಪ, ಅದು ಅವನ ತಪ್ಪಲ್ಲ, ಕೂತ ಕುರ್ಚಿಯ ಗುಣ. ಗಂಟುಮೂಟೆ, ಕೋಳಿ, ಕೈಗೂಸು ಎಲ್ಲ ಹೊತ್ತು ಬಂದವರು ಕಿಟಕಿಯಲ್ಲಿ ಮುಖ ತೂರಿಸಿ "ಓಲ್ಗೀನ್ ಬಸ್ಸು ಬರುತ್ತೇನಪ್ಪಾ?" ಎಂದು ಕೇಳಿದಾಗ, ಆ ಬಸ್ಸು ಆಕ್ಸಲ್ ಮುರಿದುಕೊಂಡು ದಾರಿಯಲ್ಲೇ ಮಲಗಿದೆ ಎಂದು ಗೊತ್ತಿದ್ದರೂ, "ಬರುತ್ತೆ ಬರುತ್ತೆ, ನೆರಳಲ್ಲಿ ಕೂತ್ಕೊಳ್ಳಿ" ಎನ್ನುವುದೇ ಅವನ ಉತ್ತರ. ಇಂಥವನ ಮನೆಗೆ ಕಂಪ್ಯೂಟರ್ ಬಂದರೆ ಏನಾಗಬಾರದೋ ಅದೆಲ್ಲ ಆಯಿತು.

ಈಗ ಬಿಡಿ, ಕ್ಯೂಬಾದಲ್ಲೂ ಎಲ್ಲರ ಕೈಯಲ್ಲಿ ಫೋನು, ಎಲ್ಲರ ತಲೆಯೂ ಬಗ್ಗಿಯೇ ಇರುತ್ತದೆ. ಆಗ ಹಾಗಿರಲಿಲ್ಲ. ಇಂಟರ್ನೆಟ್ ಎಂದರೆ ಪರದೇಶದವರ ಮನೆಯ ಮದುವೆ, ನಮಗೆ ಕರೆಯೋಲೆ ಇಲ್ಲ. ಸಿನಿಮಾ, ಧಾರಾವಾಹಿ, ಹಾಡು ಎಲ್ಲವೂ ಪೆನ್ ಡ್ರೈವ್ ಹತ್ತಿ ಮನೆಯಿಂದ ಮನೆಗೆ ಬರುತ್ತಿದ್ದವು. ಹುಡುಗಿಯರು ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು, ಅವರಜ್ಜಿಯರು ಶಿಲುಬೆ ಹಾಕಿಕೊಳ್ಳುತ್ತಿದ್ದ ಜಾಗದಲ್ಲಿ. ಈ ಮನೆಯವರು ನೋಡಿ ಮುಗಿಸಿದ್ದು ಪಕ್ಕದ ಮನೆಗೆ, ಅಲ್ಲಿಂದ ಎದುರು ಮನೆಗೆ. ಒಬ್ಬಳೇ ನಾಯಕಿಗಾಗಿ ಇಡೀ ಬೀದಿ ಒಂದೇ ವಾರದಲ್ಲಿ ಮೂಗು ಸೀಟಿಕೊಳ್ಳುತ್ತಿತ್ತು. ಎಷ್ಟು ಚೆನ್ನಾಗಿತ್ತು ಅಂತೀರಿ! ಅಳುವುದಕ್ಕೂ ಜೊತೆ ಸಿಗುತ್ತಿದ್ದ ಕಾಲ ಅದು.

ಎವೇಲಿಯೋನ ಹೆಂಡತಿ ಮಿಗ್ಡಾಲಿಯಾಳ ತಮ್ಮ ಅಮೆರಿಕದ ಟಾಂಪಾದಲ್ಲಿದ್ದ. ಅವನು ಕಳಿಸಿದ ಹಳೆಯ ಕಂಪ್ಯೂಟರ್ ಆ ಬೀದಿಗೇ ಮೊದಲನೆಯದು. ಪಕ್ಕೆಗೊಂದು ಒದೆ ಕೊಟ್ಟರೆ ಏಳುತ್ತಿತ್ತು, ಎದ್ದಮೇಲೆ ಹಿಟ್ಟಿನ ಗಿರಣಿಯ ಹಾಗೆ ಗುರುಗುಟ್ಟುತ್ತಿತ್ತು. ಅದನ್ನು ನಡೆಸುವುದನ್ನು ಕಲಿಯಲು ಎವೇಲಿಯೋ ಊರಿನ ಕಂಪ್ಯೂಟರ್ ಕ್ಲಬ್ಬಿಗೆ ಸೇರಿದ. ಅಲ್ಲಿ ಕಲಿಸುತ್ತಿದ್ದವಳು ದನಾಯ್ಸ್ ಎಂಬ ಚುರುಕು ಹುಡುಗಿ. ಫೈಲುಗಳ ಪಾಠದ ದಿನ ಅವಳು ಹಲಗೆಯ ಮೇಲೆ ಬರೆದು ಹೇಳಿದಳು: ಪ್ರತಿ ಫೈಲಿನ ಹೆಸರಿಗೂ ಒಂದು ಚುಕ್ಕೆ, ಚುಕ್ಕೆಯ ಆಚೆ ಒಂದು ಬಾಲ. ಬಾಲ ಜೆಪಿಜಿ ಆದರೆ ಫೋಟೋ, ಎಂಪಿತ್ರೀ ಆದರೆ ಹಾಡು, ಎವಿಐ ಆದರೆ ಸಿನಿಮಾ, ಡಾಕ್ ಆದರೆ ಬರವಣಿಗೆ. ಜಿಪ್ ಅಂದರೆ ಅಮುಕಿ ಕಟ್ಟಿದ ಗಂಟು, ಇಎಕ್ಸ್ಇ ಅಂದರೆ ತಾನೇ ಎದ್ದು ಕೆಲಸ ಮಾಡುವಂಥದ್ದು. "ಬಾಲ ನೋಡಿದ್ರೆ ಜಾತಿ ಗೊತ್ತಾಗುತ್ತೆ. ಆದರೆ ಒಂದು ಮಾತು ನೆನಪಿಡಿ..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಬೀದಿಯಿಂದ ಯಾರೋ "ರೇಷನ್ ಅಂಗಡಿಗೆ ಕೋಳಿ ಬಂದಿದೆ!" ಎಂದು ಕೂಗಿದರು. ಎವೇಲಿಯೋ ಚಪ್ಪಲಿ ಹುಡುಕುವುದಕ್ಕೂ ನಿಲ್ಲದೆ ಓಡಿದ. ಕೋಳಿ ಸಿಕ್ಕಿತು, ಪಾಠದ ಉಳಿದರ್ಧ ಸಿಗಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಆ ಕೋಳಿಯೇ ಹೊಣೆ.

ಆಗ ಬೀದಿಯಲ್ಲೊಂದು ದುರಂತ ನಡೆಯಿತು. ಬೀದಿ ಸಮಿತಿಯ ಅಧ್ಯಕ್ಷ ಫ್ರೊಯ್ಲಾನನ ಮನೆಯಲ್ಲಿ ಧಾರಾವಾಹಿಯ ಕೊನೆಯ ಕಂತು ನೋಡಲು ಜನ ಕುರ್ಚಿ, ಮಣೆ, ಬಕೆಟ್ಟು ಬೋರಲು ಹಾಕಿಕೊಂಡು ಸೇರಿದ್ದರು. ಚೀನಾದ ಡಿವಿಡಿ ಪೆಟ್ಟಿಗೆಗೆ ಪೆನ್ ಡ್ರೈವ್ ಚುಚ್ಚಿದರೆ, ಟೀವಿಯ ಮೇಲೆ 'ಏನೂ ಇಲ್ಲ' ಎಂದು ಬಂತು. ನಾಯಕಿ ಮದುವೆಯಾದಳೋ ಇಲ್ಲವೋ ತಿಳಿಯದೆ ಹೆಂಗಸರು ಎದೆ ಬಡಿದುಕೊಂಡರು.

"ಎವೇಲಿಯೋ, ನೀನು ಕೋರ್ಸ್ ಮಾಡಿದೀಯಲ್ಲ, ಏನಾದ್ರೂ ಮಾಡೋ ಮಾರಾಯ!" ಎಂದ ಫ್ರೊಯ್ಲಾನ್.

ಎವೇಲಿಯೋ ಪೆನ್ ಡ್ರೈವನ್ನು ಮನೆಗೆ ಒಯ್ದು ಕಂಪ್ಯೂಟರಿಗೆ ಒದ್ದು ನೋಡಿದ. ಫೈಲಿಗೆ ಡಿವ್‌ಎಕ್ಸ್ ಎಂಬ ಕಂಡುಕೇಳದ ಬಾಲ. ಅದನ್ನು ಅಳಿಸಿ ಎವಿಐ ಎಂದು ಬರೆದ. 'ಬಾಲ ಬದಲಿಸಿದರೆ ಫೈಲು ಕೆಲಸಕ್ಕೆ ಬಾರದೆ ಹೋಗಬಹುದು, ಖಂಡಿತವೇ?' ಎಂದು ಕಂಪ್ಯೂಟರ್ ಕೇಳಿತು. ಯಾರು ಏನು ಕೇಳಿದರೂ ಹೌದೆನ್ನುವ ಮನುಷ್ಯ, ಹೌದು ಎಂದು ಒತ್ತಿದ. ಫೈಲಿನ ಒಳಗಿದ್ದದ್ದು ಹೇಗೂ ಎವಿಐ ಜಾತಿಯದೇ, ಡಿವಿಡಿ ಪೆಟ್ಟಿಗೆ ಹೆಸರು ಕಂಡು ಮುನಿಸಿಕೊಂಡಿತ್ತು ಅಷ್ಟೆ. ಅದು ಎವೇಲಿಯೋಗೆ ತಿಳಿಯದು, ಬೀದಿಗಂತೂ ಮೊದಲೇ ತಿಳಿಯದು. ಧಾರಾವಾಹಿ ಓಡಿತು, ನಾಯಕಿ ಮದುವೆಯಾದಳು, ಎವೇಲಿಯೋನನ್ನು ಜನ ಎತ್ತಿ ಕುಣಿಸುವುದೊಂದು ಬಾಕಿ.

ಮರುದಿನದಿಂದ ಅವನು 'ಡಾಕ್ಟರ್' ಆದ. ಟಿಕೆಟ್ ಕಿಟಕಿಯಲ್ಲೂ ಜನ ಬಸ್ಸಿನ ಮಾತು ಬಿಟ್ಟು ಬಾಲದ ಮಾತು ಕೇಳತೊಡಗಿದರು. ಅವನು ಗಂಭೀರವಾಗಿ ಕನ್ನಡಕ ಮೂಗಿನ ತುದಿಗೆ ಜಾರಿಸಿ, "ಎಲ್ಲಾ ಬಾಲದಲ್ಲಿದೆ ಕಣ್ರೀ. ಬಾಲ ತಿರುಗಿಸಿದ್ರೆ ಫೈಲೂ ತಿರುಗುತ್ತೆ" ಎನ್ನುತ್ತಿದ್ದ.

"ಹಂಗಾದ್ರೆ ನಿನ್ನ ಹೊಟ್ಟೆಗೊಂದು ಜಿಪ್ ಬಾಲ ಹಾಕ್ಕೋ, ಅಂಗಿ ಗುಂಡಿ ಹೊಲಿದೂ ಹೊಲಿದೂ ನನಗೆ ಸಾಕಾಗಿದೆ" ಎಂದಳು ಮಿಗ್ಡಾಲಿಯಾ. ಗಂಡನ ಪಾಂಡಿತ್ಯದ ಬಗ್ಗೆ ಅವಳಿಗೆ ಮದುವೆಯಾದಂದಿನಿಂದಲೂ ಇದೇ ಅಭಿಪ್ರಾಯ.

ಫ್ರೊಯ್ಲಾನ್ ಮಾತ್ರ ನಂಬಿದ. ಬೀದಿದೀಪ ಸರಿಮಾಡಿಸಬೇಕೆಂದು ಸಮಿತಿ ಎಷ್ಟು ಸಲ ನಿರ್ಣಯ ಮಾಡಿದರೂ ದೀಪ ಉರಿದಿರಲಿಲ್ಲ. ಅವನು ನಿರ್ಣಯದ ಫೈಲು ತಂದು, ಬಾಗಿಲು ಹಾಕಿಕೊಂಡು, ಮೆಲ್ಲಗೆ ಕೇಳಿದ. "ಇದಕ್ಕೆ ಡಾಕ್ ಬಾಲ ಇದೆಯಂತೆ. ಅದಕ್ಕೇ ಬರೀ ಬರವಣಿಗೆಯಾಗಿ ಕೂತಿದೆ. ಆ ತಾನೇ ಕೆಲಸ ಮಾಡೋ ಬಾಲ ಇದೆಯಲ್ಲ, ಅದನ್ನ ಹಾಕಿಬಿಡು."

"ಆಗುತ್ತೆ ಆಗುತ್ತೆ" ಎಂದ ಎವೇಲಿಯೋ. ನಿರ್ಣಯಕ್ಕೆ ಇಎಕ್ಸ್ಇ ಬಾಲ ಬಂತು. ದೇವರ ಆಟ ನೋಡಿ, ಮರುದಿನವೇ ವಿದ್ಯುತ್ತಿನವರು ಏಣಿ ಹೊತ್ತು ಬಂದು ದೀಪ ಸರಿಮಾಡಿ ಹೋದರು. ಅವರು ಹೊರಟಿದ್ದು ಪಕ್ಕದ ಬೀದಿಗೆ, ದಾರಿ ತಪ್ಪಿ ಇಲ್ಲಿಗೆ ಬಂದಿದ್ದರು ಎಂಬುದು ಯಾರಿಗೂ ಬೇಕಿರಲಿಲ್ಲ. ಬೆಳಕಿನ ಕೆಳಗೆ ನಿಂತ ಫ್ರೊಯ್ಲಾನ್ ಟೊಪ್ಪಿ ತೆಗೆದು ಎವೇಲಿಯೋಗೆ ನಮಸ್ಕಾರ ಹೇಳಿದ.

ಇಷ್ಟಾಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಒಂದು ಮಧ್ಯಾಹ್ನ ಕರವಸ್ತ್ರದಲ್ಲಿ ಪೆನ್ ಡ್ರೈವ್ ಸುತ್ತಿಕೊಂಡು ಓರಾಲಿಯಾ ಬಂದಳು.

ಓರಾಲಿಯಾ ನಿಕಾನೋರನ ಹೆಂಡತಿ. ನಿಕಾನೋರ್ ತೀರಿಕೊಂಡು ಕೆಲವು ವರ್ಷವಾಗಿತ್ತು. ಬದುಕಿರುವತನಕ ಅವನು ತಲೆಯ ಮೇಲೆ ತಟ್ಟೆ ಹೊತ್ತು, ಬಿಸಿಲಿಗೆ ಊರೆಲ್ಲ ಮಲಗಿದ ಹೊತ್ತಿನಲ್ಲಿ, ಪೇರಲ ಹಣ್ಣಿನ ಹೂರಣದ ಪಾಸ್ತೆಲ್ ಮಾರುತ್ತ ಬರುತ್ತಿದ್ದ. ಕರಿಯುವವಳು ಅವಳು, ಕೂಗುವವನು ಅವನು. ಅವನ ಕೂಗು ಸಮುದ್ರದ ದಂಡೆಯಲ್ಲಿ ಶುರುವಾದರೆ ಚರ್ಚಿನ ಚೌಕದಲ್ಲಿ ಮಲಗಿದವರು ಎದ್ದು ಕೂರುತ್ತಿದ್ದರು. ಆ ಕೂಗು ಕೇಳಿ ಗಡಿಯಾರ ಸರಿಮಾಡಿಕೊಂಡವರಿದ್ದಾರೆ, ಮಕ್ಕಳ ಅಳು ನಿಲ್ಲಿಸಿದವರಿದ್ದಾರೆ. ಅವನು ಹೋದಮೇಲೆ ಊರಿನ ಮಧ್ಯಾಹ್ನಗಳೇ ಸಪ್ಪೆಯಾಗಿದ್ದವು.

ಪೆನ್ ಡ್ರೈವ್‌ನಲ್ಲಿದ್ದದ್ದು ಒಂದೇ ಫೋಟೋ, ನಿಕಾನೋರ್ ಡಾಟ್ ಜೆಪಿಜಿ. ತಲೆಯ ಮೇಲೆ ತಟ್ಟೆ, ಕಿವಿಯ ಪಕ್ಕ ಅಂಗೈ, ಬಾಯಿ ಪೂರ್ತಿ ತೆರೆದಿದೆ.

"ನೋಡಪ್ಪ, ಬಾಯಿ ತೆರೆದೇ ಇದೆ" ಎಂದಳು ಓರಾಲಿಯಾ. "ಜೆಪಿಜಿ ಬಾಲ ಇರೋದಕ್ಕೆ ಸುಮ್ನಿದಾರೆ. ನೀನು ಆ ಹಾಡಿನ ಬಾಲ ಹಾಕಿಬಿಡು."

ಎವೇಲಿಯೋ ಕನ್ನಡಕ ತೆಗೆದು ಒರೆಸಿಕೊಂಡ. "ಅಕ್ಕಾ... ಸಿನಿಮಾ ಬಾಲ ಬೇಡ್ವಾ?" ಎಂದ, ಬೇರೇನೂ ತೋಚದೆ.

"ಓಡಾಡೋದು ಬೇಡ. ಓಡಾಡೋಕೆ ಬಿಟ್ರೆ ಆಚೆ ಬೀದಿ ಎರ್ಮಿನಿಯಾ ಮನೆ ಮುಂದೆ ಹೋಗಿ ನಿಲ್ತಾರೆ, ನನಗೆ ಗೊತ್ತಿಲ್ವಾ! ಕೂಗಿದ್ರೆ ಸಾಕು." ಅವಳು ನಕ್ಕಳು, ಆಮೇಲೆ ನಗು ನಿಂತಿತು. "ಮುಖ ಮರೆತಿಲ್ಲ ಎವೇಲಿಯೋ, ಗೋಡೆ ಮೇಲೆ ಇದೆ. ದನಿ ಮರೀತಾ ಇದೆ. ಮೊದಲೆಲ್ಲ ಬಾಣಲೆಗೆ ಎಣ್ಣೆ ಹಾಕಿದ್ರೆ ಕಿವೀಲಿ ಕೇಳ್ತಿತ್ತು. ಈಗ ಎಣ್ಣೆ ಸದ್ದು ಮಾತ್ರ ಕೇಳುತ್ತೆ. ದನೀನೂ ಹೋಗಿಬಿಟ್ರೆ ಅವರು ಪೂರ್ತಿ ಹೋದ ಹಾಗೆ ಅಲ್ವಾ?"

ಇಲ್ಲಿ ಎವೇಲಿಯೋ ಇಲ್ಲ ಎನ್ನಬೇಕಿತ್ತು. ಹುಟ್ಟಿದಾಗಿನಿಂದ ಕೂಡಿಟ್ಟ 'ಇಲ್ಲ'ಗಳನ್ನೆಲ್ಲ ಒಟ್ಟುಮಾಡಿ ಒಂದು ಸಲ ಹೇಳಿದ್ದರೆ ಸಾಕಿತ್ತು. ಅವನು ಹೇಳಿದ್ದು, "ಭಾನುವಾರ ಸಂಜೆ ಬರುತ್ತೆ ಅಕ್ಕಾ."

ಅವಳು ಹೋದಮೇಲೆ ಬಾಲ ಬದಲಿಸಿದ. ಕಂಪ್ಯೂಟರ್ ಎಂದಿನಂತೆ ಖಂಡಿತವೇ ಎಂದು ಕೇಳಿತು, ಎವೇಲಿಯೋ ಎಂದಿನಂತೆ ಹೌದೆಂದ. ಹಾಡು ನುಡಿಸುವ ಪೆಟ್ಟಿಗೆ ಪರದೆಯ ಮೇಲೆ ತೆರೆದುಕೊಂಡು ಸುಮ್ಮನೆ ಕೂತಿತು. ಸದ್ದು ಹೆಚ್ಚಿಸಿದ. ಸ್ಪೀಕರಿಗೆ ಕಿವಿ ಹಚ್ಚಿದ. ಕೊನೆಗೆ ಕಂಪ್ಯೂಟರಿಗೆ ಒದ್ದ. ನಿಕಾನೋರ್ ಕೂಗಲಿಲ್ಲ, ಕಂಪ್ಯೂಟರೇ ಆರಿಹೋಯಿತು.

"ನಾಚಿಕೆ ಸ್ವಭಾವ ಇರಬೇಕು" ಎಂದಳು ಮಿಗ್ಡಾಲಿಯಾ ಅಡಿಗೆಮನೆಯಿಂದ.

ಎವೇಲಿಯೋ ದನಾಯ್ಸಳನ್ನು ಹುಡುಕಿಕೊಂಡು ಕ್ಲಬ್ಬಿಗೆ ಓಡಿದ. ಅವಳು ಕಥೆ ಕೇಳಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಓರಾಲಿಯಾಳ ಹೆಸರು ಬಂದಾಗ ನಗು ನಿಲ್ಲಿಸಿದಳು.

"ಮಾಮ, ಬಾಲ ಅನ್ನೋದು ಡಬ್ಬದ ಮೇಲಿನ ಚೀಟಿ. ಉಪ್ಪಿನ ಡಬ್ಬಕ್ಕೆ ಸಕ್ಕರೆ ಅಂತ ಚೀಟಿ ಅಂಟಿಸಿದ್ರೆ ಕಾಫಿ ಸಿಹಿ ಆಗುತ್ತಾ? ಫೋಟೋ ಒಳಗೆ ಬಣ್ಣ ಇರುತ್ತೆ, ದನಿ ಇರಲ್ಲ. ಅವತ್ತು ಇದನ್ನೇ ಹೇಳೋಕೆ ಹೊರಟಿದ್ದೆ, ನೀವು ಕೋಳಿ ಹಿಂದೆ ಓಡಿದ್ರಿ."

"ಹಂಗಾದ್ರೆ ಬೀದಿದೀಪ?"

"ಬೀದಿದೀಪ ನಿಮ್ಮ ಪುಣ್ಯ. ಬಾಲ ವಾಪಸ್ ಜೆಪಿಜಿ ಮಾಡಿ, ಫೋಟೋ ಎಲ್ಲೂ ಹೋಗಿಲ್ಲ, ಮೊದಲಿನ ಹಾಗೇ ಬರುತ್ತೆ. ದನಿ ಬೇಕು ಅಂದ್ರೆ, ಅವರಿದ್ದಾಗಲೇ ಯಾರಾದ್ರೂ ಹಿಡಿದಿಡಬೇಕಿತ್ತು."

ಯಾರು ಹಿಡಿದಿಡುತ್ತಾರೆ? ದಿನಾ ಮಧ್ಯಾಹ್ನ ಬರುವುದನ್ನು ಯಾರಾದರೂ ಕೂಡಿಡುತ್ತಾರೆಯೇ? ನಾಳೆಯೂ ಬರುತ್ತದೆ ಎಂದೇ ಎಲ್ಲರೂ ಮಗ್ಗುಲು ಬದಲಿಸಿ ಮಲಗಿದ್ದರು.

ಎವೇಲಿಯೋ ತಲೆ ತಗ್ಗಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಭಾನುವಾರ ನಿಕಾನೋರ್ ಕೂಗುತ್ತಾನಂತೆ! ಫ್ರೊಯ್ಲಾನ್ ಅದನ್ನು ಬೀದಿ ಸಮಿತಿಯ ಸಾಂಸ್ಕೃತಿಕ ಕಾರ್ಯಕ್ರಮವೆಂದು ಘೋಷಿಸಿ, ಎಲ್ಲಿಂದಲೋ ಮೇಳದವರ ದೊಡ್ಡ ಧ್ವನಿಪೆಟ್ಟಿಗೆ ಹೊರಿಸಿಕೊಂಡು ಬಂದ. ವೆಲಾಸ್ಕೋ ಊರಿನಿಂದ ನಿಕಾನೋರನ ಸೋದರರು ಲಾರಿ ಹತ್ತಿ ಹೊರಟರಂತೆ. ಓರಾಲಿಯಾ ಕೂದಲಿಗೆ ಬಣ್ಣ ಹಚ್ಚಿಸಿಕೊಂಡಳು. ಗಂಡ ಹೋದಮೇಲೆ ಮುಟ್ಟದಿದ್ದ ದೊಡ್ಡ ಬಾಣಲೆ ಕೆಳಗಿಳಿಸಿ, ಬಂದವರಿಗೆಲ್ಲ ಕೊಡಲು ಪಾಸ್ತೆಲ್ ಕರಿದಳು.

"ಹೋಗಿ ಹೇಳಿಬಿಡು" ಎಂದಳು ಮಿಗ್ಡಾಲಿಯಾ. ಈ ಸಲ ಅವಳ ಮಾತಿನಲ್ಲಿ ಕೊಂಕಿರಲಿಲ್ಲ.

ಎವೇಲಿಯೋ ಹೋದ. ಓರಾಲಿಯಾ ಬಾಗಿಲಲ್ಲೇ ಬಿಸಿ ಪಾಸ್ತೆಲ್ ಒಂದನ್ನು ಅವನ ಬಾಯಿಗೆ ತುರುಕಿ, "ಸಿಹಿ ಸಾಕಾ ನೋಡು" ಎಂದಳು. ತುಂಬಿದ ಬಾಯಲ್ಲಿ ಸತ್ಯ ಹೇಗೆ ಹೇಳುವುದು? ತಲೆಯಾಡಿಸಿ ವಾಪಸ್ಸು ಬಂದ.

ಇನ್ನು ಉಳಿದಿದ್ದು ವಿದ್ಯುತ್ತು. ಆ ದಿನಗಳಲ್ಲಿ ಕರೆಂಟು ಹೋಗದ ಸಂಜೆಯೇ ಇರಲಿಲ್ಲ. ಧಾರಾವಾಹಿಯ ನಡುವೆ ಹೋಗುತ್ತಿತ್ತು, ಹೆರಿಗೆಯ ನಡುವೆ ಹೋಗುತ್ತಿತ್ತು, ಭಾಷಣದ ನಡುವೆ ಹೋದರೆ ಮಾತ್ರ ಜನ ಚಪ್ಪಾಳೆ ತಟ್ಟುತ್ತಿದ್ದರು. ಎವೇಲಿಯೋ ಕರುಣಾಮಯಿ ಮೇರಿ ಮಾತೆಯ ಪಟದ ಮುಂದೆ ಮೇಣದಬತ್ತಿ ಹಚ್ಚಿ, ತಾಯೀ ಇವತ್ತೊಂದು ದಿನ ಕರೆಂಟು ತೆಗೆದುಬಿಡು ಎಂದು ಬೇಡಿಕೊಂಡ. ಭಾನುವಾರ ಸಂಜೆ ಕರೆಂಟು ಹೋಗಲಿಲ್ಲ. ಹೋಗುವುದಿರಲಿ, ಒಂದು ಬಲ್ಬೂ ಕಣ್ಣು ಮಿಟುಕಿಸಲಿಲ್ಲ.

ಓರಾಲಿಯಾಳ ಮನೆಯ ಮುಂದೆ ಜನ ಸೇರಿದ್ದರು. ಕಂಪ್ಯೂಟರನ್ನು ಹೊತ್ತು ತಂದು ಬಾಗಿಲಲ್ಲಿ ಮೇಜಿನ ಮೇಲೆ ಇಟ್ಟಿದ್ದರು, ಅದರ ಪಕ್ಕದಲ್ಲಿ ಧ್ವನಿಪೆಟ್ಟಿಗೆ. ಮುಂದಿನ ಸಾಲಿನಲ್ಲಿ ಓರಾಲಿಯಾ, ಮಡಿಲಲ್ಲಿ ಕೈ ಜೋಡಿಸಿಕೊಂಡು, ಹೊಸ ಮದುವಣಗಿತ್ತಿಯ ಹಾಗೆ. ಫ್ರೊಯ್ಲಾನ್ ಭಾಷಣ ಮಾಡಿದ. ಅದರಲ್ಲಿ ಬೀದಿದೀಪದ ವಿಷಯ ಎರಡು ಸಲ ಬಂತು, ನಿಕಾನೋರನ ವಿಷಯ ಒಂದು ಸಲವೂ ಬರಲಿಲ್ಲ.

"ಡಾಕ್ಟರ್, ಶುರು ಮಾಡಿ" ಎಂದ ಕೊನೆಗೆ.

ಎವೇಲಿಯೋ ಹಾಡಿನ ಬಾಲದ ಆ ಫೈಲನ್ನು ಒತ್ತಿದ. ಧ್ವನಿಪೆಟ್ಟಿಗೆಯಿಂದ ಒಂದು ಸಣ್ಣ ಗುಂಯ್ ಸದ್ದು, ಅಷ್ಟೆ.

"ಶ್! ಉಸಿರು ಎಳ್ಕೋತಾ ಇದಾನೆ" ಎಂದ ಒಬ್ಬ ಸೋದರ. "ಕೂಗೋ ಮುಂಚೆ ಯಾವಾಗ್ಲೂ ಉದ್ದ ಉಸಿರು ಎಳ್ಕೋತಿದ್ದ."

ಎಲ್ಲರೂ ಮುಂದಕ್ಕೆ ಬಾಗಿದರು. ನಿಕಾನೋರ್ ಉಸಿರು ಎಳೆದುಕೊಳ್ಳುತ್ತಲೇ ಇದ್ದ. ಓರಾಲಿಯಾ ಕಣ್ಣು ಮುಚ್ಚಿಕೊಂಡು, ತುಟಿಯಲ್ಲಿ ಸಣ್ಣ ನಗು ಇಟ್ಟುಕೊಂಡು ಕಾಯುತ್ತಿದ್ದಳು. ಎವೇಲಿಯೋ ಆ ಮುಖ ನೋಡಿದ. ಟಿಕೆಟ್ ಕಿಟಕಿಯಾಚೆ ಎಷ್ಟೋ ಜನ ಕಾಯುವುದನ್ನು ಅವನು ನೋಡಿದ್ದ. ಹೀಗೆ ಕಾಯುವವರನ್ನು ನೋಡಿರಲಿಲ್ಲ.

"ಇಲ್ಲ" ಎಂದ ಎವೇಲಿಯೋ.

ಯಾರಿಗೂ ಅರ್ಥವಾಗಲಿಲ್ಲ. ಅವನ ಬಾಯಿಂದ ಆ ಮಾತು ಯಾರೂ ಕೇಳಿದವರಲ್ಲ.

"ಇಲ್ಲ ಅಕ್ಕಾ. ಇದರಲ್ಲಿ ದನಿ ಇಲ್ಲ. ಇದು ಫೋಟೋನೇ. ಬಾಲ ಬರೀ ಚೀಟಿ. ನಾನು ಅಂಟಿಸಿದೆ, ಅಷ್ಟೆ. ಒಳಗಿರೋದು ಬದಲಾಗಲ್ಲ. ನನಗೆ ಗೊತ್ತಿರಲಿಲ್ಲ, ಗೊತ್ತಾದಮೇಲೂ ನಿನಗೆ ಹೇಳೋಕೆ ಬಾಯಿ ಬರಲಿಲ್ಲ."

ಬೀದಿ ಭೋರೆಂದು ಎದ್ದಿತು. ಸೋದರರು, ಲಾರಿಯಲ್ಲಿ ಮೈಮೂಳೆ ಮುರಿದುಕೊಂಡು ಬಂದದ್ದು ಇದಕ್ಕಾ ಎಂದು ತೋಳು ಮಡಚಿದರು. ಫ್ರೊಯ್ಲಾನ್ ಮುಖ ಬಿಳಿಚಿಕೊಂಡು, "ಹಂಗಾದ್ರೆ ನನ್ನ ನಿರ್ಣಯ? ಅದು ಜಾರಿ ಆಗಿಲ್ವೇನಯ್ಯಾ? ದೀಪ ತಾನಾಗೇ ಉರೀತಾ?" ಎಂದು ಎವೇಲಿಯೋನ ಅಂಗಿ ಹಿಡಿದ. ಅಂಗಿಯ ಗುಂಡಿ ಹಾರಿಹೋಯಿತು.

"ಬಿಡ್ರೀ ಅವನನ್ನ" ಎಂದಳು ಓರಾಲಿಯಾ. ಅವಳು ಕಣ್ಣು ತೆರೆದಿರಲಿಲ್ಲ. "ಹೇಗೆ ಕೂಗ್ತಿದ್ರು ಅಂತ ಯಾರಿಗಾದ್ರೂ ನೆನಪಿದೆಯಾ? ನನಗೆ ಸಿಕ್ತಾ ಇಲ್ಲ."

ಗದ್ದಲ ಇಳಿಯಿತು. ತಪ್ಪು ಮಾಡಿದವನೇ ಮೊದಲು ಮುಂದೆ ಬರಬೇಕಲ್ಲವೇ? ಎವೇಲಿಯೋ ಕಿವಿಯ ಪಕ್ಕ ಅಂಗೈ ಇಟ್ಟುಕೊಂಡು ಕೂಗಿದ. "ಪಾಸ್ತೆಲ್ ಬಂದವೇ, ಪೇರಲದ ಪಾಸ್ತೆಲ್..." ಬಸ್ಸು ಹೊರಡುವ ಪ್ರಕಟಣೆಯಂತಿತ್ತು ಅದು.

"ಥೂ, ಅದಲ್ಲ ಕಣಯ್ಯ! ಮೊದಲು ಏಳ್ರೋ ಅಂತ ಬರುತ್ತೆ" ಎಂದು ಫ್ರೊಯ್ಲಾನ್ ಅಂಗಿ ಬಿಟ್ಟು ಗಂಟಲು ಸರಿಮಾಡಿಕೊಂಡ. "ಏಳ್ರೋ ಸೋಮಾರಿಗಳಾ, ಬಿಸಿಲಿಗೆ ಬಿದ್ದೋರಾ..."

"ಎಷ್ಟು ಸಪ್ಪೆ! 'ಬಿದ್ದೋರಾ' ಅನ್ನೋವಾಗ ದನಿ ಮೇಲಕ್ಕೆ ಹೋಗ್ತಿತ್ತು" ಎಂದಳು ಮಿಗ್ಡಾಲಿಯಾ. ತಾನೇ ಕೂಗಿ ತೋರಿಸಿದಳು. ಗಂಡನಿಗೆ ಬಯ್ದು ಬಯ್ದು ಪಳಗಿದ ಗಂಟಲು, ಚೆನ್ನಾಗಿಯೇ ಏರಿತು.

"ಅತ್ತೆಗೊಂದು, ಸೊಸೆಗೊಂದು, ಆಮೇಲೆ ಏನು?" ಎಂದು ಯಾರೋ ಹಿಂದಿನಿಂದ ಕೇಳಿದರು.

"ಜಗಳ ಬಿಟ್ಟೋರಿಗೆ ಎರಡೂ!" ಎಂದರು ಸೋದರರು ಒಟ್ಟಿಗೆ.

"ಎರಡೂ ಅಲ್ಲ, ಎರಡೆರಡು!"

"ಅವನು ನಮ್ಮಣ್ಣ, ನಮಗೆ ಹೇಳ್ತೀಯಾ?"

ಜಗಳ ಹತ್ತಿತು. ಒಬ್ಬರು ಕೂಗುವುದು, ಇನ್ನೊಬ್ಬರು ತಿದ್ದುವುದು, ಮೂರನೆಯವರು ಇಬ್ಬರನ್ನೂ ಬಯ್ಯುವುದು. ಅಂಗಳದ ತುಂಬ ಅರೆಬರೆ ನಿಕಾನೋರರು. ಓರಾಲಿಯಾ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. "ಅಲ್ಲ... ಅದೂ ಅಲ್ಲ... ಅಲ್ಲಿ ಎಳೀಬೇಕು... ಇಲ್ಲಿ ಗಂಟಲು ಒಡೀಬೇಕು, ಚುಟ್ಟಾ ಸೇದಿ ಸೇದಿ ಒಡೆದಿತ್ತಲ್ಲ..." ಹೀಗೆ ಹೇಳುತ್ತ ಹೇಳುತ್ತ ಎದ್ದು ನಿಂತಳು. ಉದ್ದವಾಗಿ ಉಸಿರು ಎಳೆದುಕೊಂಡಳು.

"ಏಳ್ರೋ ಸೋಮಾರಿಗಳಾ, ಬಿಸಿಲಿಗೆ ಬಿದ್ದೋರಾ! ಪೇರಲದ ಪಾಸ್ತೆಲ್ ಬಂದವೇ, ಬಿಸಿ ಇವೆ, ಸಿಹಿ ಇವೆ! ಅತ್ತೆಗೊಂದು, ಸೊಸೆಗೊಂದು, ಜಗಳ ಬಿಟ್ಟೋರಿಗೆ ಎರಡೂಊಊ..."

ಕೊನೆಯ ಮಾತು ಎಲ್ಲಿ ಒಡೆಯಬೇಕಿತ್ತೋ ಅಲ್ಲೇ ಒಡೆಯಿತು. ಸೋದರರು ಟೊಪ್ಪಿ ತೆಗೆದರು. ಮೇಜಿನ ಮೇಲೆ ಕಂಪ್ಯೂಟರ್ ಉರಿಯುತ್ತಲೇ ಇತ್ತು, ಅದನ್ನು ಹಿಡಿದಿಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ಕಿವಿಯಾಗಿದ್ದರು.

ಬೀದಿಯ ಕೊನೆಯಲ್ಲಿ ಒಂದು ಬಾಗಿಲು ತೆರೆದ ಸದ್ದಾಯಿತು. ಕ್ಲೋತಿಲ್ದೆ ಅಜ್ಜಿ. ಕಣ್ಣು ಪೂರ್ತಿ ಹೋಗಿತ್ತು, ಹೃದಯವೂ ಸರಿಯಿಲ್ಲವೆಂದು ಮನೆಯವರು ಯಾರ ಸಾವಿನ ಸುದ್ದಿಯನ್ನೂ ಅವಳ ಕಿವಿಗೆ ಹಾಕುತ್ತಿರಲಿಲ್ಲ. ಒಂದು ಕೈಯಲ್ಲಿ ಗೋಡೆ ಸವರುತ್ತ, ಇನ್ನೊಂದು ಕೈಯಲ್ಲಿ ಪಿಂಗಾಣಿ ತಟ್ಟೆ ಹಿಡಿದು, ಅವಳು ಕೂಗು ಬಂದ ದಿಕ್ಕಿಗೆ ನಡೆದು ಬಂದಳು. ಜನ ದಾರಿ ಬಿಟ್ಟರು.

"ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟು ದಿನ?" ಎಂದು ಗದರಿದಳು ಅಜ್ಜಿ, ತಟ್ಟೆ ಮುಂದೆ ಚಾಚಿ. "ಕಾದೂ ಕಾದೂ ಸಾಕಾಯ್ತು. ಎರಡು ಕೊಡು, ಮುರಿದದ್ದು ಕೊಡಬೇಡ."

ಓರಾಲಿಯಾ ಒಳಗೆ ಹೋಗಿ ಬಿಸಿ ಇದ್ದವನ್ನು ಆರಿಸಿ ತಂದು ತಟ್ಟೆಯಲ್ಲಿ ಇಟ್ಟಳು. ಅಜ್ಜಿ ಒಂದನ್ನು ಅಲ್ಲೇ ಕಚ್ಚಿ, ಅಗಿದು, ತಲೆಯಾಡಿಸಿದಳು.

"ಹೂರಣ ಸರಿ ಇದೆ. ನಿನ್ನ ಹೆಂಡತಿ ಕೈ ಕೆಟ್ಟಿಲ್ಲ" ಎಂದಳು. "ನಾಳೆಯೂ ಬಾ. ಮರೆತುಗಿರೆತು ಬಿಟ್ಟೀಯ ನಿಕಾನೋರ್."

ಓರಾಲಿಯಾ ಕೆನ್ನೆ ಒರೆಸಿಕೊಂಡಳು. ಗಂಟಲನ್ನು ಕೆಳಗಿಳಿಸಿ, ಚುಟ್ಟಾ ಸೇದಿ ಒಡೆದ ಆ ದನಿಯಲ್ಲೇ ಹೇಳಿದಳು.

"ಮರೆಯಲ್ಲ ಅಜ್ಜಿ. ಇನ್ನು ಮರೆಯಲ್ಲ."